ಆ ಪಿಸ್ತೂಲಿಗೆ ನಮ್ಮನೆಯಲ್ಲಿ ಪೂಜೆಯಿಲ್ಲ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ ಕೂತಿದ್ದೇನೆ. ಇವತ್ತು ಆಯುಧಪೂಜೆ. ಪರದೇಶದ ಕೆಂಟನ್ನಿನ ಈ ಮನೆಯಲ್ಲಿ ಎಂಥ ಆಯುಧ ಅಂತ ನಗಬೇಡಿ. ಈ ಯಂತ್ರ, ಈಳಿಗೆಮಣೆ, ನನ್ನವರ ಸ್ಟೆತಾಸ್ಕೋಪು, ಹೊರಗೆ ನಿಂತ ಕಾರು. ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವಾಗ ಪಕ್ಕದ ಮನೆಯ ಅಜ್ಜಿ ಪರದೆ ಸರಿಸಿ ನೋಡುವುದೂ ಈಗ ಪೂಜೆಯ ಭಾಗವೇ ಆಗಿಬಿಟ್ಟಿದೆ. ಆದರೆ ಈ ಎಣ್ಣೆಯ ವಾಸನೆ ಬಂದರೆ ನನಗೆ ಹೊಲಿಗೆ ನೆನಪಾಗುವುದಿಲ್ಲ, ಇಂಥದೇ ಎಣ್ಣೆ ಹಚ್ಚಿದ ಪೊನ್ನಪ್ಪಣ್ಣನ ಪಿಸ್ತೂಲು ನೆನಪಾಗುತ್ತದೆ.

ಪೊನ್ನಪ್ಪಣ್ಣ ಕೊಡಗಿನವರು, ನನ್ನವರ ಆಸ್ಪತ್ರೆಯಲ್ಲೇ ಮೂಳೆ ಡಾಕ್ಟರು. ಮೈಸೂರು ಬಿಟ್ಟು ಬಂದ ನನಗೆ ಇಲ್ಲಿ ತವರು ಅಂತ ಇದ್ದರೆ ಅದು ಅವರ ಮನೆಯೇ. ಕೊಡವರಿಗೆ ಬಂದೂಕು ದೇವರ ಸಮಾನ; ಹಬ್ಬದ ದಿನ ಅದರ ಮೂತಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಇಲ್ಲಿ ಅವರು ಗುರಿ ಹೊಡೆಯುವ ಕ್ಲಬ್ಬೊಂದನ್ನು ಸೇರಿ, ಲೈಸೆನ್ಸು ಮಾಡಿಸಿ, ಒಂದು ಪಿಸ್ತೂಲು ಇಟ್ಟುಕೊಂಡಿದ್ದರು. ಪ್ರತಿ ವರ್ಷ ಆಯುಧಪೂಜೆಯ ದಿನ ಕ್ಲಬ್ಬಿಗೆ ಹೋಗುವ ದಾರಿಯಲ್ಲಿ ಪೆಟ್ಟಿಗೆ ಸಮೇತ ನಮ್ಮ ಮನೆಗೆ ಬರುತ್ತಿದ್ದರು. ಮೊದಲ ವರ್ಷ ನಾನು ಭಕ್ತಿ ಹೆಚ್ಚಾಗಿ ಅದಕ್ಕೆ ಮೈತುಂಬ ಅರಿಶಿನ ಬಳಿದುಬಿಟ್ಟಿದ್ದೆ. ಪಾಪ, ವಾರಗಟ್ಟಲೆ ಅದನ್ನು ಕೆರೆದು ತೆಗೆಯುತ್ತ ಕೂತಿದ್ದರಂತೆ. ಆಮೇಲೆ ಒಂದು ಬೊಟ್ಟು, ಒಂದು ಸೇವಂತಿಗೆ, ಅಷ್ಟೇ ಸಾಕು ಅಂತ ಒಪ್ಪಂದವಾಯಿತು.

ತೊಂಬತ್ತರ ದಶಕದ ನಡುವೆ ಒಂದು ವರ್ಷ, ಈ ದೇಶದ ಉತ್ತರಕ್ಕಿರುವ ಸ್ಕಾಟ್‌ಲೆಂಡಿನ ಒಂದು ಶಾಲೆಗೆ ಒಬ್ಬ ನುಗ್ಗಿ ಪುಟ್ಟ ಮಕ್ಕಳನ್ನು ಗುಂಡಿಟ್ಟು ಕೊಂದ. ಅವನ ಪಿಸ್ತೂಲುಗಳಿಗೂ ಲೈಸೆನ್ಸು ಇತ್ತು. ನಾನು ಆಗ ಇಲ್ಲಿಯ ಶಾಲೆಯೊಂದರಲ್ಲಿ ಊಟದ ಹೊತ್ತು ಬಡಿಸಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ನನ್ನ ಮಗಳೂ ಅಲ್ಲೇ, ಸತ್ತ ಮಕ್ಕಳ ವಯಸ್ಸಿನವಳೇ. ಮರುದಿನ ಊಟಕ್ಕೆ ಸಾಲು ನಿಂತ ಮಕ್ಕಳ ತಲೆ ನೋಡುತ್ತ ನನಗೆ ಸೌಟು ಹಿಡಿಯಲು ಆಗಲಿಲ್ಲ. ಕೆಲವೇ ದಿನಗಳಲ್ಲಿ, ಯಾವಾಗಲೂ ತೆರೆದಿರುತ್ತಿದ್ದ ಶಾಲೆಯ ಗೇಟಿಗೆ ಬೀಗ ಬಂತು.

ನಮ್ಮ ಕನ್ನಡದ ಮನೆಗಳಲ್ಲಿ ಬಿಸಿಬೇಳೆಬಾತಿನ ಜೊತೆ ಚರ್ಚೆಯೋ ಚರ್ಚೆ. ಒಂಟಿತನ ಕಾರಣ ಅಂದರು ಒಬ್ಬರು. ಟಿವಿ ಅಂದರು ಇನ್ನೊಬ್ಬರು. ಈ ದೇಶದಲ್ಲಿ ಸಂಸ್ಕಾರವೇ ಇಲ್ಲ ಅಂತ ಧಾರವಾಡದ ಡಾಕ್ಟರೊಬ್ಬರು ಷರಾ ಬರೆದುಬಿಟ್ಟರು. ಮೇಜಿನ ಮೇಲಿದ್ದ ಎಲ್ಲದರ ಮೇಲೂ ತಪ್ಪು ಹೊರಿಸಿದರು, ಪಿಸ್ತೂಲೊಂದನ್ನು ಬಿಟ್ಟು. ನಾನು ಉಪ್ಪಿನಕಾಯಿ ಬಡಿಸುತ್ತ ಮೇಜು ಸುತ್ತುತ್ತಿದ್ದೆ.

ಆ ಸಲದ ಆಯುಧಪೂಜೆಗೂ ಪೊನ್ನಪ್ಪಣ್ಣ ಬಂದರು. ಪೆಟ್ಟಿಗೆ ತೆರೆದರು. ಮಗಳು ಬಗ್ಗಿ ನೋಡಿ, "ಅಂಕಲ್, ಇಸ್ ಇಟ್ ಅ ರಿಯಲ್ ಒನ್?" ಅಂದಳು.

"ನಿಜದ್ದೇ ಪುಟ್ಟಾ," ಅಂದರು ಹೆಮ್ಮೆಯಿಂದ.

ಅವಳು ಮೆಲ್ಲಗೆ ಸೋಫಾದ ಹಿಂದೆ ಹೋಗಿ ಕೂತಳು.

"ಪೆಟ್ಟಿಗೆ ಮುಚ್ಚಿ ಅಣ್ಣ. ಇದಕ್ಕೆ ಈ ಮನೇಲಿ ಪೂಜೆ ಇಲ್ಲ," ಅಂದೆ.

ನನ್ನವರು ಕೆಮ್ಮಿದರು. ಪೊನ್ನಪ್ಪಣ್ಣ ಮೊದಲು ತಮಾಷೆ ಅಂದುಕೊಂಡರು. "ಪಿಸ್ತೂಲು ಏನಮ್ಮ ಮಾಡ್ತು? ತಲೆ ಕೆಟ್ಟವನಿಗೆ ಚಾಕು ಸಾಲ್ದಾ? ನಿನ್ನ ಈಳಿಗೆಮಣೇನೂ ಎತ್ತಿಡು ಹಾಗಾದ್ರೆ!"

"ಚಾಕು ಹಿಡಿದವನಿಂದ ಓಡಿ ತಪ್ಪಿಸ್ಕೋಬಹುದು ಅಣ್ಣ. ನನ್ನ ಶಾಲೆ ಮಕ್ಕಳು ಓಟದಲ್ಲಿ ಬಲು ಜೋರು."

"ಅಂದ್ರೆ ನಾನೂ ಅವನೂ ಒಂದೇನಾ?"

"ನೀವು ಅವನಲ್ಲ. ಆದ್ರೆ ಇದು ಅದೇ."

ಅವರು ಪ್ರಸಾದ ಮುಟ್ಟದೆ ಹೊರಟುಹೋದರು. ಹಬ್ಬದ ದಿನ ಮನೆಗೆ ಬಂದವರನ್ನು ಹೀಗೆ ಕಳಿಸಿದೆನಲ್ಲ ಅಂತ ಇಲ್ಲಿಯ ಕನ್ನಡದವರೆಲ್ಲ ನನಗೆ ಬುದ್ಧಿ ಹೇಳಿದರು. ತವರು ಕಳೆದುಕೊಂಡೆ ಅಂತ ಅಡುಗೆಮನೆಯಲ್ಲಿ ಅತ್ತಿದ್ದೂ ನಿಜ. ಕ್ಷಮೆ ಮಾತ್ರ ಕೇಳಲಿಲ್ಲ.

ಮುಂದೆ ಕಾನೂನು ಬಂತು. ಪಿಸ್ತೂಲು ಇದ್ದವರೆಲ್ಲ ಪೊಲೀಸರಿಗೆ ಒಪ್ಪಿಸಬೇಕು. ಒಂದು ಬೆಳಿಗ್ಗೆ ಫೋನು. "ಗೆದ್ದೆಯಲ್ಲಮ್ಮ, ಬಂದು ನೋಡು," ಅಂದರು ಪೊನ್ನಪ್ಪಣ್ಣ. ಕೊಂಕಿನ ಕರೆ ಅಂತ ಗೊತ್ತಿದ್ದೂ ಹೋದೆ. ಪೊಲೀಸ್ ಸ್ಟೇಷನ್ನಿನ ಕೌಂಟರಿನ ಮುಂದೆ ಅವರು ಬೂಟು ಬಿಚ್ಚಿಟ್ಟು, ಪೆಟ್ಟಿಗೆಯನ್ನು ಕಣ್ಣಿಗೆ ಒತ್ತಿಕೊಂಡರು. ಪೇದೆ ಏನೂ ತಿಳಿಯದೆ ಕಾಯುತ್ತ ನಿಂತ. ಅವರ ನೋವು ನಾಟಕವಾಗಿರಲಿಲ್ಲ. ಆದರೂ ನಾನು ಕೈ ಮುಗಿಯಲಿಲ್ಲ. ಹೊರಗೆ ಬಂದಮೇಲೆ ಅವರೇ, "ನಿನ್ನದು ಭಾರಿ ಹಟ ಕಣಮ್ಮ," ಅಂದರು. ಮುಂದಿನ ಹಬ್ಬದಿಂದ ಮತ್ತೆ ಬರತೊಡಗಿದರು, ಬರಿಗೈಯಲ್ಲಿ.

ಅಂದಿನಿಂದ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೆ. ಅವರ ಪಿಸ್ತೂಲು ಕೂರುತ್ತಿದ್ದ ಜಾಗದಲ್ಲಿ ತೆಂಗಿನಕಾಯಿ ಇಟ್ಟು ಮುಚ್ಚಿಬಿಡುವುದು. ಆ ಖಾಲಿ ಜಾಗ ಅವರ ಕಣ್ಣಿಗೆ ಬೀಳದಿರಲಿ ಅಂತ. ಈಗ ಯೋಚಿಸಿದರೆ, ನನ್ನ ಕಣ್ಣಿಗೂ ಬೀಳದಿರಲಿ ಅಂತಲೇ.

ಈ ವಾರ ಅಮೆರಿಕದ ಯಾವುದೋ ಊರಿನ ಸುದ್ದಿ ಟಿವಿಯಲ್ಲಿ ಬಂತು. ಮತ್ತೆ ಶಾಲೆ, ಮತ್ತೆ ಮಕ್ಕಳು, ಮತ್ತೆ ಅದೇ ಕಾರಣಗಳ ಹುಡುಕಾಟ. ಈಗ ಬಾಗಿಲ ಗಂಟೆ ಬಾರಿಸಿ, ರಿಟೈರಾದ ಪೊನ್ನಪ್ಪಣ್ಣ ಒಳಗೆ ಬಂದಿದ್ದಾರೆ. ನಾನು ಯಂತ್ರ ಒರೆಸಿ ಇಟ್ಟೆ, ಈಳಿಗೆಮಣೆ ಇಟ್ಟೆ, ತೆಂಗಿನಕಾಯಿಯನ್ನು ಅಡುಗೆಮನೆಯಲ್ಲೇ ಬಿಟ್ಟೆ. ಅವರು ಪೂಜೆಗೆ ಹಾಸಿದ ಬಟ್ಟೆಯ ಮೇಲೆ ಪಿಸ್ತೂಲಿನ ಹಳೆಯ ಜಾಗವನ್ನು ಒಂದು ಗಳಿಗೆ ನೋಡಿದರು.

"ಇಲ್ಲೇನಮ್ಮ, ಜಾಗ ಖಾಲಿ ಬಿಟ್ಟಿದ್ದೀಯ?"

"ಹೌದು ಅಣ್ಣ," ಅಂದೆ. "ಖಾಲಿ ಇರೋದನ್ನ ಎಲ್ಲರೂ ನೋಡ್ಲಿ."

ಅವರು ತಲೆಯಾಡಿಸಿದರು, ಒಪ್ಪಿಯಲ್ಲ. ನಾನು ಆರತಿ ಹಚ್ಚಿದೆ.