ಸರಿಜೋಡಿ

ನಮ್ಮ ದೊಡ್ಡಪ್ಪನನ್ನು ಲಾಯದವರೆಲ್ಲ ‘ಸರಿಜೋಡಿ’ ಎಂದೇ ಕರೆಯುತ್ತಿದ್ದರು. ಲಾಳ ಹೊಡೆಯದ ಕುದುರೆಗಳ ಗೊರಸು ಕತ್ತರಿಸಿ, ಅರದಿಂದ ಉಜ್ಜಿ ಆಕಾರಕ್ಕೆ ತರುವುದು ಅವರ ಕಸುಬು. ಅವರ ಕೈಗೆ ಸಿಕ್ಕ ಮುಂಗಾಲುಗಳೆರಡೂ ಅಂಗಡಿಯಿಂದ ತಂದ ಹೊಸ ಚಪ್ಪಲಿಗಳಂತೆ ಒಂದೇ ಅಳತೆಗೆ ಬರುತ್ತಿದ್ದವು.

ದೊಡ್ಡಪ್ಪನ ಎಡಗಾಲು ಹುಟ್ಟಿನಿಂದಲೇ ಎರಡು ಬೆರಳಿನಷ್ಟು ಗಿಡ್ಡ. ಚಪ್ಪಲಿ ಹೊಲಿಯುವವನು ಆ ಕಾಲಿನದಕ್ಕೆ ದಪ್ಪ ಅಟ್ಟೆ ಕೂರಿಸಿಕೊಟ್ಟಿದ್ದ. ಅದನ್ನು ಮೆಟ್ಟಿ ನಡೆದರೆ ಕುಂಟು ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದವರೂ ಆ ಮಾತು ಎತ್ತುತ್ತಿರಲಿಲ್ಲ.

ಅವರ ತಂಗಿ, ನನ್ನ ಅತ್ತೆ, ಕುದುರೆಗಾಡಿಯಲ್ಲಿ ಅಂಗಡಿಗಳಿಗೆ ನೀರಿನ ಕ್ಯಾನ್ ಸಾಗಿಸುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಒಂದು ಕಂದು ಕುದುರೆಯಿಂದ. ಅದರ ಬಲ ಮುಂಗಾಲಿನ ಗೊರಸು ಬೋರಲು ಹಾಕಿದ ಲೋಟದಂತೆ ನೆಟ್ಟಗೆ, ಎಡಗಾಲಿನದು ಅಗಲ. ಅತ್ತೆಯೇ ಅಂಚು ಉಜ್ಜಿಕೊಳ್ಳುತ್ತಿದ್ದರು. ಒಮ್ಮೆ ಕೈ ಉಳುಕಿದ್ದರಿಂದ ಅಣ್ಣನನ್ನು ಕರೆದರು.

“ಅಂಚು ಮಾತ್ರ ಉಜ್ಜಣ್ಣ. ಎಂಟು ವರ್ಷದಿಂದ ಅದು ಹಾಗೇ ನಡೀತಿದೆ.”

“ಒಂದು ಕಾಲು ಹೀಗೆ, ಒಂದು ಕಾಲು ಹಾಗೆ. ನೋಡಿದವರು ನನ್ನನ್ನ ನೋಡಿ ನಗ್ತಾರೆ,” ಎಂದರು ದೊಡ್ಡಪ್ಪ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಅತ್ತೆ ಚಹಾ ಮಾಡಲು ಒಳಗೆ ಹೋದರು, ನಾನು ಹಗ್ಗ ಹಿಡಿದು ನಿಂತೆ. ದೊಡ್ಡಪ್ಪ ಬಲಗಾಲಿನ ಗೊರಸನ್ನು ಎಡಗಾಲಿನದಕ್ಕೆ ಸಮ ಬರುವವರೆಗೂ ಕೆತ್ತಿದರು. ಕೊನೆಗೆ ತಳಕ್ಕೆ ಹೆಬ್ಬೆರಳು ಒತ್ತಿದಾಗ ಅದು ಒಳಕ್ಕೆ ಬಗ್ಗಿತು. ಬಗ್ಗಬಾರದು; ಬಗ್ಗಿತೆಂದರೆ ತಳ ತೆಳುವಾಗಿದೆ ಎಂದರ್ಥ. ದೊಡ್ಡಪ್ಪ ನನ್ನತ್ತ ನೋಡಲಿಲ್ಲ. ಚಹಾ ಕುಡಿದು ಹೊರಟರು. ‘ಕೆಲವು ವಾರ ಗಾಡಿ ಕಟ್ಟಬೇಡ’ ಎಂಬ ಒಂದು ಮಾತು ಸಾಕಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ನೋಡಿಯೂ ಬಾಯಿ ಬಿಡದ ನನ್ನ ಮೇಲೂ ಇದೆ.

ಮರುದಿನ ಅತ್ತೆ ಗಾಡಿ ಕಟ್ಟಿದರು. ಜಲ್ಲಿಯ ಚೂರೊಂದು ತಳ ಸೀಳಿ ಒಳಹೊಕ್ಕಿತು. ಕೀವು ಮೂಳೆಗೆ ಇಳಿಯಿತು. ತಿಂಗಳಾಗುವಷ್ಟರಲ್ಲಿ ಕುದುರೆ ಮಲಗಿದಲ್ಲಿಂದ ಏಳದಂತಾಯಿತು. ಪಶುವೈದ್ಯರು ಸೂಜಿ ಚುಚ್ಚಿ ಅದರ ನೋವು ಮುಗಿಸಿದರು.

ದೊಡ್ಡಪ್ಪ ಬಂದು ಬಾಗಿಲಲ್ಲೇ ನಿಂತರು. ಅತ್ತೆ ಅಳಲಿಲ್ಲ, ಕೂಗಾಡಲೂ ಇಲ್ಲ.

“ಚಪ್ಪಲಿ ಹೊಲಿಯೋನು ನಿನ್ನ ಗಿಡ್ಡ ಕಾಲಿಗೆ ಅಟ್ಟೆ ಸೇರಿಸಿದ ಅಣ್ಣ,” ಎಂದರು. “ಉದ್ದದ ಕಾಲು ಕತ್ತರಿಸಲಿಲ್ಲ.”

ಅಂದು ಆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ದೊಡ್ಡಪ್ಪ ಮತ್ತೆ ಮೆಟ್ಟಲಿಲ್ಲ. ಸಾಯುವವರೆಗೂ ಬೀದಿಯಲ್ಲಿ ಬರಿಗಾಲಲ್ಲೇ ಕುಂಟಿಕೊಂಡು ಓಡಾಡಿದರು.