ಧಬಧಬ ಮೇಡಂ ಕಲಿಸುವ ತಾಳ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಸೈಕಲ್ ಸ್ಟ್ಯಾಂಡಿನ ಪಕ್ಕದ ಹಳೆಯ ಉಗ್ರಾಣದಲ್ಲಿ ಒಬ್ಬ ಹೆಂಗಸು ಮುರಿದ ಬೆಂಚುಗಳನ್ನು ಸೊಂಟ ಕೊಟ್ಟು ಗೋಡೆಗೆ ತಳ್ಳುತ್ತಿದ್ದಾರೆ. ಗುಡಿಸಿದ ಜಾಗದಲ್ಲಿ ಮಂಡಿಯೂರಿ ಸೀಮೆಸುಣ್ಣದಿಂದ ವೃತ್ತ ಬರೆಯುತ್ತಾರೆ. ದೊಡ್ಡದೊಂದು, ಅದರ ಮುಂದೆ ಚಿಕ್ಕವು ಎರಡು, ಮತ್ತೆ ದೊಡ್ಡದೊಂದು. ಬರೆದಾದ ಮೇಲೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಾವೇ ಹಾರುತ್ತಾರೆ. ದೊಡ್ಡದರಲ್ಲಿ ತಡೆದು ನಿಂತು, ಚಿಕ್ಕವುಗಳಲ್ಲಿ ಪಟಪಟನೆ. ಇವರ ಬಗ್ಗೆ ಬರೆಯಲು ಬಂದ ನನ್ನ ಮುಖ ಕಿಟಕಿಯಲ್ಲಿ ಕಂಡದ್ದೇ ನಾಚಿ ನಿಂತುಬಿಡುತ್ತಾರೆ.

“ಎಡವೋದಿದ್ರೆ ಮೊದಲು ನಾನು ಎಡವಬೇಕು. ಮಕ್ಕಳ ಮೂತಿ ಒಡೆಯಬಾರದಲ್ವಾ?” ಎನ್ನುತ್ತಾರೆ. ಅಷ್ಟು ಕೇಳಿಸಿಕೊಳ್ಳಲು ನಾನು ಕಿಟಕಿಯೊಳಗೆ ಅರ್ಧ ತೂರಬೇಕಾಗುತ್ತದೆ. ಅವರ ದನಿ ಪಿಸುಮಾತಿಗಿಂತ ಮೇಲೇಳುವುದಿಲ್ಲ.

ಇವರು ಈ ಪ್ರಾಥಮಿಕ ಶಾಲೆಯ ಸಂಗೀತದ ಟೀಚರ್. ಮಕ್ಕಳ ಬಾಯಲ್ಲಿ ‘ಧಬಧಬ ಮೇಡಂ’. ಒಂದು ಕಾಲಕ್ಕೆ ಬೆಳಗಿನ ಪ್ರಾರ್ಥನೆಗೆ ಮೈಕಿಲ್ಲದೆ ಹಾಡಿ ಗೇಟಿನಾಚೆಯ ಬಸ್ ನಿಲ್ದಾಣದವರೆಗೂ ಕೇಳಿಸಿದವರು. ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. “ಜೀವ ಉಳೀತು ಅಂತ ಮನೆಯವರೆಲ್ಲ ಸಮಾಧಾನ ಹೇಳಿದ್ರು. ಹೌದು, ಉಳೀತು. ಆದ್ರೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಂದು ಸಾಲು ಹಾಡೋಕೆ ನೋಡಿದೆ. ನೀರಿನ ಸದ್ದೇ ನನಗಿಂತ ಚೆನ್ನಾಗಿತ್ತು,” ಎಂದು ನಗುತ್ತಾರೆ. ನಗುವಿಗೂ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತದೆ.

ರಜೆ ಮುಗಿಸಿ ಬಂದ ಮೊದಲ ದಿನವನ್ನು ಅವರು ಮರೆತಿಲ್ಲ. ಎರಡನೇ ತರಗತಿ. ಹಾಡಲು ಬಾಯಿ ತೆರೆದರೆ ಬಂದದ್ದು ಬರೀ ಗಾಳಿ. ಒಂದು ಮಗು ಕಿಸಕ್ಕೆಂದಿತು, ಆಮೇಲೆ ಇಡೀ ತರಗತಿ. ಸುಮ್ಮನಿರಿ ಎಂದು ಗದರೋಣವೆಂದರೆ ಗದರುವುದಕ್ಕೂ ಗಂಟಲು ಬೇಕಲ್ಲ! ಅಳು ನುಂಗಿಕೊಂಡು ಮೇಜಿಗೆ ಅಂಗೈಯಿಂದ ಬಡಿದರು. ಧಬ್, ಧಬ್, ಧಬಧಬ ಧಬ್. ಹಿಂದಿನ ಬೆಂಚಿನಿಂದ ಯಾರೋ ಹಾಗೇ ಬಡಿದು ಉತ್ತರ ಕೊಟ್ಟರು. ಇವರು ಇನ್ನೊಂದು ಬಗೆಯಲ್ಲಿ ಬಡಿದರು. ಈ ಸಲ ಉತ್ತರ ಎಲ್ಲ ಬೆಂಚುಗಳಿಂದ ಬಂತು.

ಅಲ್ಲಿಂದ ಶುರುವಾಯಿತು ಆಟ. ಮೇಜಿನ ಜಾಗಕ್ಕೆ ಶಾಲೆಯ ಡೋಲು ಬಂತು. ಡೋಲಿನ ಓಟಕ್ಕೆ ತಕ್ಕಂತೆ ಆನೆಯಾಗಿ, ಇಲಿಯಾಗಿ ನಡೆಯುವುದು. ಡೋಲು ನಿಂತಾಗ ಇದ್ದ ಹಾಗೇ ಕಲ್ಲಾಗುವುದು. ವೃತ್ತಗಳಲ್ಲಿ ಹಾರುತ್ತ ತಮ್ಮ ತಮ್ಮ ಹೆಸರಿನ ಉದ್ದ ಗಿಡ್ಡ ಅಕ್ಷರಗಳನ್ನು ಕಾಲಿನಲ್ಲಿ ಹೇಳುವುದು. ಕಾಳು ತುಂಬಿದ ಬಟ್ಟೆಚೀಲವನ್ನು ಡೋಲಿನ ಒಂದೊಂದು ಪೆಟ್ಟಿಗೂ ಪಕ್ಕದವರಿಗೆ ದಾಟಿಸುವುದು. ಇವರ ಆಟದಲ್ಲಿ ‘ಔಟ್’ ಎಂಬುದಿಲ್ಲ. ತಾಳ ತಪ್ಪಿದವರಿಗೆ ಡೋಲು. “ತಪ್ಪಿದ ಮಗುವನ್ನ ಮೂಲೇಲಿ ಕೂರಿಸಿದ್ರೆ ಅದು ಕಲಿಯೋದು ಯಾವಾಗ? ಡೋಲು ಕೈಗೆ ಬಂದ್ರೆ ಎಲ್ಲರ ಕಾಲೂ ಕಾಣತ್ತೆ. ಆದ್ರೆ ಕಳ್ಳರಿದಾರೆ, ಡೋಲಿನಾಸೆಗೆ ಬೇಕಂತಲೇ ತಪ್ಪುತ್ತಾರೆ!”

ಆಗ ತರಗತಿ ಇದ್ದದ್ದು ಮಹಡಿಯಲ್ಲಿ, ಸರಿಯಾಗಿ ಗಣಿತದ ಮೇಷ್ಟ್ರ ನೆತ್ತಿಯ ಮೇಲೆ. ಮೇಲೆ ಆನೆಗಳು ನಡೆದಾಗಲೆಲ್ಲ ಕೆಳಗೆ ಅವರ ಚಹಾದ ಲೋಟಕ್ಕೆ ಸುಣ್ಣದ ಚೂರು ಉದುರುತ್ತಿತ್ತು. ದೂರು ಹೋಯಿತು. ಹೆಡ್‌ಮೇಡಂ ಕರೆಸಿದರು. “ಹಾಡೂ ಇಲ್ಲ, ಪಾಠವೂ ಇಲ್ಲ, ಬರೀ ಧಬಧಬ. ಅಪ್ಪ ಅಮ್ಮಂದಿರು ಕೇಳಿದ್ರೆ ನಾನೇನು ಹೇಳಲಿ? ಈ ತಿಂಗಳು ನೋಡೋಣ ಕಣಮ್ಮಾ, ಆಮೇಲೆ ನೀವು ಲೈಬ್ರರಿ ನೋಡ್ಕೊಳ್ಳಿ.”

ಆ ಸಂಜೆ ಮನೆಯಲ್ಲಿ ಧಬಧಬ ಮೇಡಂಗೆ ಊಟ ಸೇರಲಿಲ್ಲ. ಚೀಲಗಳನ್ನು ಹೊಲಿದುಕೊಟ್ಟಿದ್ದವರು ಅವರ ಅತ್ತೆ. ಸೊಸೆಯ ಮುಖ ನೋಡಿ ಅವರಂದದ್ದು ಇಷ್ಟೇ: “ಸದ್ದು ತಾನೇ ಅವರಿಗೆ ಬೇಡದ್ದು? ಸದ್ದಿಲ್ಲದೆ ಆಡಿಸೇ ಮಗಳೇ. ನೀನು ಸದ್ದಿಲ್ಲದೆ ನನ್ನನ್ನ ಆಡಿಸ್ತಿಲ್ವಾ?”

ಮರುದಿನದಿಂದ ‘ನುಂಗುವ ಆಟ’. ಮಕ್ಕಳು ತುದಿಗಾಲಲ್ಲಿ ಸುತ್ತುತ್ತಾರೆ, ಚೀಲ ಕೈಯಿಂದ ಕೈಗೆ ದಾಟುತ್ತದೆ, ತಾಳವನ್ನು ಮಾತ್ರ ಎಲ್ಲರೂ ಹೊಟ್ಟೆಯೊಳಗೇ ಬಾರಿಸಿಕೊಳ್ಳಬೇಕು. ಕೆಳಗಿನ ಮೇಷ್ಟ್ರು ನೆಮ್ಮದಿಯಿಂದ ಚಹಾ ಕುಡಿಯಬೇಕಿತ್ತು. ಮೇಲೆ ಸದ್ದೇ ಇಲ್ಲವೆಂದು ಕುಡಿಯಲಾಗಲಿಲ್ಲ. “ಆಪರೇಷನ್ ಆದ ಹೆಂಗಸು, ಏನಾದ್ರೂ ಹೆಚ್ಚುಕಮ್ಮಿ ಆಯ್ತೇನೋ ಅಂತ ಮೆಟ್ಟಿಲು ಹತ್ತಿ ಓಡಿದೆ,” ಎಂದು ಈಗ ಅವರೇ ಹೇಳುತ್ತಾರೆ.

ಬಾಗಿಲಲ್ಲಿ ಅವರು ಕಂಡದ್ದು, ತುಟಿ ಬಿಗಿಹಿಡಿದು ಸುತ್ತುತ್ತಿದ್ದ ಇಡೀ ತರಗತಿ. ಎಲ್ಲ ಚೀಲಗಳೂ ಒಟ್ಟಿಗೇ ಕೈ ಬದಲಿಸುತ್ತಿದ್ದವು. ಯಾರೊಡನೆಯೂ ಸೇರದೆ ಸದಾ ಗೋಡೆಗಂಟಿ ನಿಲ್ಲುತ್ತಿದ್ದ ಒಬ್ಬ ಹುಡುಗಿ ಅಂದು ಸಾಲಿನಲ್ಲಿದ್ದಳು. ಬಾಗಿಲ ಬಳಿ ಬಂದಾಗ, ತಾಳ ತಪ್ಪಬಾರದಲ್ಲ, ಎದುರಿಗೆ ಸಿಕ್ಕ ಮೇಷ್ಟ್ರ ಕೈಗೇ ಚೀಲ ಇಟ್ಟುಬಿಟ್ಟಳು. ಮೇಷ್ಟ್ರೂ ಹೆಜ್ಜೆ ಹಾಕಿದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಚೀಲ ಕೆಳಗೆ ಬಿತ್ತು. ಅದೇ ಹುಡುಗಿ ಡೋಲು ತಂದು ಅವರ ಕೊರಳಿಗೆ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಸರ್, ಈಗ ನಿಮ್ಮ ಸರದಿ. ನಿಧಾನಕ್ಕೆ ಬಾರಿಸಿ.” ಅವಳ ದನಿ ಹೇಗಿದೆಯೆಂದು ಆ ತರಗತಿಗೆ ಗೊತ್ತಾದದ್ದೇ ಅಂದು. ಮೇಡಂ ಕಿಟಕಿಯತ್ತ ತಿರುಗಿಕೊಂಡರು.

ಗಂಟೆ ಹೊಡೆಯುವವರೆಗೂ ಮೇಷ್ಟ್ರು ಡೋಲು ಬಿಡಲಿಲ್ಲ. ಅಲ್ಲಿಂದ ನೆಟ್ಟಗೆ ಹೆಡ್‌ಮೇಡಂ ಕೋಣೆಗೆ ಹೋದರು. “ನನ್ನ ದೂರು ವಾಪಸ್. ಅವರು ಕುಣಿಸಲಿ. ಆದ್ರೆ ನನ್ನ ತಲೆಯ ಮೇಲೆ ಬೇಡ, ದಯವಿಟ್ಟು ಉಗ್ರಾಣ ಕೊಡಿ.” ಹೆಡ್‌ಮೇಡಂ ತಾವೇ ಒಂದು ಪೀರಿಯಡ್ ಬಂದು ಕೂತರು. ಲೈಬ್ರರಿಯ ಮಾತು ಮತ್ತೆ ಎತ್ತಲಿಲ್ಲ.

ಈಗ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ತರಗತಿ ಬರುತ್ತದೆ. ಕರೆಯಲು ಚಪ್ಪಾಳೆ, ಗದರಲು ಹುಬ್ಬು, ಶಹಬ್ಬಾಸ್ ಹೇಳಲು ಬೆನ್ನ ಮೇಲೊಂದು ತಟ್ಟು. ಮನೆಗೆ ಹೋಗುವಷ್ಟರಲ್ಲಿ ಮಂಡಿ ಊದಿಕೊಂಡಿರುತ್ತದೆ. ಬಿಸಿನೀರಿನ ಶಾಖ ಕೊಡುತ್ತಾ ಗಂಡ ದಿನವೂ ಒಂದೇ ತಮಾಷೆ ಮಾಡುತ್ತಾರಂತೆ: “ಗಂಟಲಾಯ್ತು, ಈಗ ಮಂಡಿ. ನಾಳೆಗೆ ಏನಾದ್ರೂ ಉಳಿಸಿಕೊಳ್ಳೇ!”

ದನಿ ಸ್ವಲ್ಪ ಮಟ್ಟಿಗೆ ಮರಳಬಹುದು ಎಂದಿದ್ದಾರೆ ಡಾಕ್ಟರು. ಬಂದರೆ ಮೊದಲು ಏನು ಹಾಡುತ್ತೀರಿ ಎಂದು ಕೇಳುತ್ತೇನೆ.

“ಬಂದ್ರೆ ಬರ್ಲಿ, ಬೇಡ ಅನ್ನಲ್ಲ,” ಎನ್ನುತ್ತಾರೆ. “ಆದ್ರೆ ಆಸೆ ಬೇರೆ ಇದೆ. ಮರದ ನೆಲ ಇರೋ ಒಂದು ಕೋಣೆ. ಸಿಮೆಂಟು ಎಷ್ಟು ತುಳಿದ್ರೂ ತುಟಿ ಬಿಚ್ಚಲ್ಲ ನೋಡಿ. ಮರ ಹಾಗಲ್ಲ. ಅಂಜಿಕೊಂಡು ಮೆಲ್ಲಗೆ ಕಾಲಿಟ್ಟ ಮಗುವಿಗೂ ಅದು ಓ ಅನ್ನತ್ತೆ.”