ಅತ್ತಿಗೆ ಕೇಳಿದ ಅರ್ಧ ಗಂಟೆ

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಸ್ಟೋರೇಜ್ ಮೇಡಂ ಎಂದು. ಅತ್ತಿಗೆ ಅನ್ನುವವಳು ಸ್ಕ್ಯಾನಿಂಗ್ ವಿಭಾಗದ ಮುಖ್ಯ ಟೆಕ್ನಿಷಿಯನ್ ಒಬ್ಬಳೇ. ಅವಳು ಮೇಡಂ ಗಂಡನ ತಂಗಿ. ಇಬ್ಬರಿಗೂ ಒಂದೇ ಮನೆ, ಒಂದೇ ಸ್ಕೂಟರು. ದಾರಿಯುದ್ದಕ್ಕೂ ಹಿಂದೆ ಕೂತ ನಾದಿನಿಯದೇ ಮಾತು.

ಮೇಡಂ ಕೆಲಸ ನೆಲಮಾಳಿಗೆಯಲ್ಲಿ. ಅಲ್ಲಿ ಬೇಸಗೆಯಲ್ಲೂ ಸ್ವೆಟರ್ ಬೇಕು. ಫ್ಯಾನುಗಳ ಸದ್ದಿಗೆ ಕೂಗಿಯೇ ಮಾತಾಡಬೇಕು. ಲ್ಯಾಬು, ಔಷಧಿ, ದಾಖಲಾತಿ, ಸ್ಕ್ಯಾನಿಂಗ್, ಈ ನಾಲ್ಕು ವಿಭಾಗಗಳ ಸರ್ವರ್‌ಗಳು ತಮ್ಮದೆಲ್ಲವನ್ನೂ ಇಡುವುದು ನೆಟ್‌ವರ್ಕಿನಲ್ಲಿರುವ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಉತ್ತರಕ್ಕೆ ಕಾಯದೆ ಒಂದು ಸರ್ವರ್ ಎಷ್ಟು ಕೋರಿಕೆ ಕಳಿಸಬಹುದು ಎಂಬ ಮಿತಿಗೆ ಕ್ಯೂ ಡೆಪ್ತ್ ಎನ್ನುತ್ತಾರೆ. ಪೆಟ್ಟಿಗೆ ಒಟ್ಟು ತಾಳುವುದು ಇನ್ನೂರೈವತ್ತಾರು. ಮೀರಿದರೆ ಜಾಗವಿಲ್ಲ ಎಂದು ವಾಪಸ್ ಕಳಿಸುತ್ತದೆ. ಆಗ ಎಲ್ಲ ಸರ್ವರ್‌ಗಳೂ ಕೈಕಟ್ಟಿ ನಿಲ್ಲುತ್ತವೆ.

ಮೊದಲು ಎಲ್ಲಕ್ಕೂ ಮೂವತ್ತೆರಡು ಇತ್ತು. "ನಮ್ಮ ಚಿತ್ರ ದೊಡ್ಡವು ಅತ್ತಿಗೆ, ಸ್ವಲ್ಪ ಕೈಬಿಚ್ಚಿ ಕೊಡಿ" ಎಂದು ನಾದಿನಿ ಊಟಕ್ಕೆ ಕೂತಾಗಲೆಲ್ಲ ಕಾಡಿದಳು. ಮೇಡಂ ನೂರಿಪ್ಪತ್ತೆಂಟು ಕೊಟ್ಟರು. ಸುದ್ದಿ ಲ್ಯಾಬಿಗೆ ಮುಟ್ಟಿತು. ಅವರಿಗೊಂದು ನಮಗೊಂದಾ ಎಂದು ಉಳಿದವರೂ ಕೇಳಿ ಅಷ್ಟೇ ಪಡೆದರು. ಒಟ್ಟು ಮೀರುತ್ತದೆಂದು ಮೇಡಂಗೆ ಗೊತ್ತಿತ್ತು. ನಾಲ್ಕೂ ಒಂದೇ ಸಲ ಮುಗಿಬೀಳಲಾರವು ಎಂಬ ಧೈರ್ಯದ ಮೇಲೆ ಸುಮ್ಮನಿದ್ದರು.

ಒಂದು ದಿನ ಮುಗಿಬಿದ್ದವು. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರು ನೋಡುತ್ತಿದ್ದ ಚಿತ್ರ ಅರ್ಧ ತೆರೆದು ನಿಂತಿತು. ರೋಗಿಗೆ ಏನೂ ಆಗಲಿಲ್ಲ. ಅಂದೇ ಮೇಡಂ ನಾಲ್ಕಕ್ಕೂ ಅರವತ್ತು ಎಂದು ಬರೆದರು. ಆದರೆ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡುವವರೆಗೆ ನಡೆಯುವುದು ಹಳೆಯ ಸಂಖ್ಯೆಯೇ. ಮೂರು ವಿಭಾಗದವರು ಒಪ್ಪಿದರು, ನಾದಿನಿ ಜಗ್ಗಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬ ಹುಡುಗಿಯ ತಲೆಯ ಆಪರೇಷನ್ ಇತ್ತು. ಮೇಡಂ ಮೆಟ್ಟಿಲು ಹತ್ತಿ ಸ್ಕ್ಯಾನಿಂಗ್ ವಿಭಾಗಕ್ಕೆ ಬಂದರು.

"ಅರ್ಧ ಗಂಟೆ ಕೊಡೇ, ಸಾಕು."

"ಹೊರಗೆ ಬೆಂಚು ನೋಡಿದ್ರಾ ಅತ್ತಿಗೆ? ಜನ ಸ್ಕ್ಯಾನಿಗೆ ಅಂತ ಹೊಟ್ಟೆಗಿಲ್ಲದೆ ಕೂತಿದ್ದಾರೆ. ಈಗ ನಿಲ್ಸಿದ್ರೆ ನನ್ನನ್ನೇ ಹುರಿದು ಮುಕ್ತಾರೆ."

"ರಾತ್ರಿ ಅಂದ್ರೆ ಎಮರ್ಜೆನ್ಸಿ ಅಂತೀಯ. ಹಗಲು ಅಂದ್ರೆ ಬೆಂಚು ತೋರಿಸ್ತೀಯ."

"ಮೂರು ಇಳಿಸಿದ್ದೀರಲ್ಲ, ನಮ್ಮದೊಂದೇ ಕಣ್ಣಿಗೆ ಚುಚ್ಚುತ್ತಾ? ಕೊಟ್ಟಿದ್ದು ನೀವೇ ತಾನೇ?"

"ನಾನೇ. ಆಗ್ಲೇ ಆಗಲ್ಲ ಅನ್ಬೇಕಿತ್ತು. ನೀನು ಮುಖ ಊದಿಸ್ಕೋತೀಯ ಅಂತ ಅನ್ಲಿಲ್ಲ."

"ನಾನು ಯಾವಾಗ ಮುಖ ಊದಿಸ್ಕೊಂಡೆ?"

"ಕನ್ನಡಿ ತರ್ಲಾ?" ಎಂದ ಮೇಡಂ ದನಿ ತಗ್ಗಿಸಿದರು. "ನಾಳೆ ಆ ಹುಡುಗಿ ತಲೆ ತೆರೆದಿಟ್ಕೊಂಡು ಡಾಕ್ಟರು ಚಿತ್ರಕ್ಕೆ ಕಾಯ್ಬೇಕಾ? ಹಾಗೆ ಆದ್ರೆ ತಪ್ಪು ನಂದು ಅಂತ ನಾನು ಎಲ್ಲರ ಮುಂದೆ ಹೇಳ್ತೀನಿ. ಹೇಳಿ ಏನು ಬಂತು?"

ಆ ಹುಡುಗಿಯ ಸ್ಕ್ಯಾನ್ ಮಾಡಿದವಳು ನಾದಿನಿಯೇ. ಯಂತ್ರದೊಳಗೆ ನಡುಗುತ್ತಿದ್ದವಳ ಪಾದ ಹಿಡಿದು ನಿಂತಿದ್ದಳು. ಈಗ ಅವಳು ಬಾಗಿಲು ತೆರೆದು ಬೆಂಚುಗಳ ಮುಂದೆ ಹೋಗಿ ನಿಂತಳು.

"ಅರ್ಧ ಗಂಟೆ ತಡ ಆಗುತ್ತೆ. ಬೈಯೋದಿದ್ರೆ ನನಗೇ ಬೈರಿ."

"ಬೈದ್ರೆ ಬೇಗ ಆಗುತ್ತೇನಮ್ಮ?" ಮುಂದೆ ಕೂತಿದ್ದ ಮುದುಕರೊಬ್ಬರು ಕೇಳಿದರು.

"ಇಲ್ಲ ತಾತ."

"ಹಂಗಾದ್ರೆ ಬಾಯಿ ಯಾಕೆ ನೋಯಿಸ್ಕೊಳ್ಳಿ, ಹೋಗು."

ಸರ್ವರ್ ನಿಂತಿತು, ಮತ್ತೆ ಎದ್ದಿತು. ಮೇಡಂ ಸಂಖ್ಯೆಯನ್ನು ಎರಡು ಸಲ ನೋಡಿದರು: ಅರವತ್ತು. ತಾತನ ಚಿತ್ರ ಪರದೆಗೆ ಬಂತು.

"ಮುಂಚೆ ಟಕ್ಕಂತ ಬರ್ತಿತ್ತು," ನಾದಿನಿ ಗೊಣಗಿದಳು. "ಈಗ ಕಣ್ಣುಜ್ಜಿಕೊಂಡು ಬರ್ತಿದೆ."

"ಬರ್ಲಿ ಬಿಡು."

ಸಂಜೆ ಸ್ಕೂಟರಿನಲ್ಲಿ ಹಿಂದಿನಿಂದ ಮಾತು ಬರಲಿಲ್ಲ.

ಮರುದಿನ ಬೆಳಗಿನಿಂದ ಮೇಡಂ ಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ. ತಂದಿಟ್ಟ ಚಹಾ ತಣ್ಣಗಾಗಿ ಕೆನೆ ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ಫೋನ್ ಹೊಡೆದುಕೊಂಡಿತು.

"ಅತ್ತಿಗೆ, ಆ ಹುಡುಗಿಗೆ ಹೊಲಿಗೆ ಹಾಕ್ತಿದಾರಂತೆ."

"ಚಿತ್ರ?"

"ಒಂದ್ಸಲಾನೂ ನಿಲ್ಲಲಿಲ್ಲಂತೆ. ಮೇಲೆ ಬನ್ನಿ, ನಾನಿನ್ನೂ ಊಟ ಮಾಡಿಲ್ಲ."